ಇಲ್ಲದ ಬದುವಿನ ಮೇಲೆ ನನ್ನ ರಾಗಿ

1981ನೇ ಇಸವಿ ಮಾರ್ಚ್ 8, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದು ಶುರುವಾಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆನಾದರೆ ಅದಕ್ಕೆ ಕಾರಣ, ಆಗ ನಾನು ರಾಗಿಯ ತೆಂಡೆ ಎಣಿಸುತ್ತಿದ್ದೆ. ತೆಂಡೆ ಎಂದರೆ ಒಂದೇ ಬುಡದಿಂದ ಒಡೆದು ಬರುವ ಕವಲುಗಳು. ಎಣಿಸುವ ಮೊದಲು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುವುದು ನನ್ನ ಅಭ್ಯಾಸ. ಹಾಗೆ ಬರೆಯೆಂದು ಯಾರೂ ಹೇಳಿರಲಿಲ್ಲ. ನನ್ನ ಗೈಡ್ ಕೂಡ ಒಮ್ಮೆ, “ಹೊತ್ತು ಯಾಕಯ್ಯಾ ಬರೀತೀಯ, ರಾಗಿಗೇನು ಆಫೀಸಿಗೆ ಲೇಟಾಗುತ್ತಾ?” ಎಂದಿದ್ದರು. ಹಾಸ್ಟೆಲಿನಲ್ಲಿ ನನ್ನನ್ನು ‘ಪಂಚಾಂಗ’ ಎನ್ನುತ್ತಿದ್ದರು.

ನಾನು ವಿಜಾಪುರದ ಕಡೆಯವನು. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ರಸ್ತೆಯ ಪಕ್ಕದ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಪ್ರಯೋಗಕ್ಕೆ ಸಿಕ್ಕ ಬೆಳೆ ರಾಗಿ. ಮೊದಲ ವರ್ಷ ಮೆಸ್ಸಿನಲ್ಲಿ ಮುದ್ದೆ ನುಂಗುವುದನ್ನು ಕಲಿತಿದ್ದೆ, ಎರಡನೇ ವರ್ಷ ಅದನ್ನು ಬೆಳೆಯುವುದನ್ನು ಕಲಿಯುತ್ತಿದ್ದೆ. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಟ್ಟರೆ ಬೇಸಿಗೆ ರಾಗಿ ಚೆನ್ನಾಗಿ ಬರುತ್ತದೆ ಎನ್ನುವುದು ನನ್ನ ಪ್ರಶ್ನೆ. ಆರು ಬಗೆಯ ಅಂತರ, ಪ್ರತಿಯೊಂದೂ ನಾಲ್ಕು ಸಲ, ಒಟ್ಟು ಇಪ್ಪತ್ತನಾಲ್ಕು ಪುಟ್ಟ ಪ್ಲಾಟುಗಳು. ಒಂದೊಂದರ ಉದ್ದ ನಾಲ್ಕು ಮೀಟರು. ಎಲ್ಲ ಸೇರಿದರೆ ಅರವತ್ತು ಅಡಿ ಅಗಲದ ಒಂದು ಚೌಕ. ಅದರ ಎರಡೂ ಪಕ್ಕದಲ್ಲಿ ಬೀಳುಬಿಟ್ಟ ಪಟ್ಟಿ, ಪಶ್ಚಿಮದ ಪಟ್ಟಿಯ ಆಚೆ ಕಾಲೇಜಿನ ಮಾವಿನ ತೋಟ, ಪೂರ್ವದ ಪಟ್ಟಿಯ ಆಚೆ ಗಾಡಿ ರಸ್ತೆ.

ಈ ಚೌಕದೊಳಗೆ ಒಂದು ಪ್ಲಾಟು ಕೆಟ್ಟರೂ ಲೆಕ್ಕ ಕುಂಟುತ್ತದೆ. ನಾಲ್ಕೈದು ಕೆಟ್ಟರೆ ಲೆಕ್ಕವೇ ಇಲ್ಲ, ಮುಂದಿನ ಬೇಸಿಗೆಯಲ್ಲಿ ಮತ್ತೆ ಮೊದಲಿಂದ ನಾಟಿ ಮಾಡಬೇಕು. ಅಂದರೆ ಇನ್ನೊಂದು ವರ್ಷ ಹಾಸ್ಟೆಲು, ಇನ್ನೊಂದು ವರ್ಷ ‘ಪಂಚಾಂಗ’. ಊರಿನಲ್ಲಿ ಅಪ್ಪ ಬಂದವರಿಗೆಲ್ಲ, “ಜೂನ್‌ದಾಗ ಮುಗೀತದ” ಎಂದು ಹೇಳಿಕೊಂಡು ಕೂತಿದ್ದರು. ಈ ಕಾರಣಕ್ಕೆ ನಾನು ಆ ರಾಗಿಯನ್ನು ದಿನಕ್ಕೆ ಎರಡು ಸಲ ಹೋಗಿ ನೋಡುತ್ತಿದ್ದೆ.

ಆ ಭಾನುವಾರ ಎಣಿಸುತ್ತಾ ಬಾಗಿದ್ದವನು ತಲೆಯೆತ್ತಿದಾಗ ಪ್ಲಾಟಿನ ಪೂರ್ವದ ಅಂಚಿನಲ್ಲಿ ಒಬ್ಬ ಮುದುಕರು ಸೈಕಲ್ ಹಿಡಿದು ನಿಂತಿದ್ದರು. ಹ್ಯಾಂಡಲಿನ ಎರಡೂ ಕಡೆ ಹಾಲಿನ ಕ್ಯಾನು. ಕಾಲೇಜಿನ ಬೇಲಿಯಾಚೆಯ ಹಳ್ಳಿಯವರು, ನಮ್ಮ ಸ್ಟಾಫ್ ಕ್ವಾರ್ಟರ್ಸಿಗೆಲ್ಲ ಹಾಲು ಹಾಕುವವರು. ಮುಖ ನೋಡಿ ಗೊತ್ತಿತ್ತು, ಮಾತಾಡಿರಲಿಲ್ಲ.

“ಯಾವಾಗ ಕುಯ್ತೀಯಪ್ಪ ಇದ್ನ?” ಎಂದರು.

“ಮೇ ಎರಡನೇ ವಾರ ಆಗ್ತದ್ರಿ, ಅಜ್ಜಾರ.”

“ಯುಗಾದಿ ಯಾವತ್ತು?”

“ಏಪ್ರಿಲ್ ಐದನೇ ತಾರೀಖ್ರಿ.”

“ಅಂಗಾದ್ರೆ ನಾಕ್ನೇ ತಾರೀಕ್ಗೆ ಕುಯ್ಕಬುಡು.”

ತೆನೆಯೇ ಇನ್ನೂ ಬಂದಿಲ್ಲ, ಕೊಯ್ಯುವುದೇನನ್ನು ಎಂದು ನಾನು ಕೇಳಿದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಾಲು ತಡವಾಗುತ್ತದೆ ಎನ್ನುವ ಗಡಿಬಿಡಿಯೇ ಇಲ್ಲದೆ ವಿವರಿಸಿದರು. ಇದು ಅವರ ಹೊಲ. ಸರ್ಕಾರ ಕಾಲೇಜಿಗೆಂದು ತೆಗೆದುಕೊಂಡು ಎಷ್ಟೋ ವರ್ಷವಾಯಿತು, ಅದಕ್ಕೆ ಅವರ ತಕರಾರಿಲ್ಲ. ಆದರೆ ಪ್ರತಿ ಯುಗಾದಿಗೂ ಅವರು ಇಲ್ಲೇ ಹೊನ್ನಾರು ಕಟ್ಟುವುದು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ಹೊಸ ವರ್ಷದ ಮೊದಲ ಉಳುಮೆ ಎಂದು ಮೂರು ಸುತ್ತು ಉತ್ತು ಮನೆಗೆ ಹೋಗಿ ಒಬ್ಬಟ್ಟು ತಿನ್ನುವುದು. ಅವರ ಮನೆತನದ ಪದ್ಧತಿಯಲ್ಲಿ ಮೊದಲ ಸಾಲು ಬದುವಿನ ಪಕ್ಕದಲ್ಲೇ ಬೀಳಬೇಕು, ನಡುಹೊಲದಲ್ಲಿ ಶುರುಮಾಡುವ ಹಾಗಿಲ್ಲ. ಬದು ಇದ್ದದ್ದು ಅವರು ನಿಂತಿದ್ದ ಜಾಗದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಮೂರು ಸುತ್ತು ಎಂದರೆ ಎಲ್ಲಿಗೆ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪ್ಲಾಟ್ ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು.

“ಅಜ್ಜಾರ, ಇದು ಎಕ್ಸ್‌ಪೆರಿಮೆಂಟ್ ಐತ್ರಿ.”

“ಇರ್ಲಿ ಬುಡು. ಎಕ್ಸ್‌ಪೆರಿಮೆಂಟು ಮುಂದಿನ ವರ್ಷಾನೂ ಮಾಡಬೋದು. ಯುಗಾದಿ ಬರಾದು ಒಂದೇ ದಿನ.”

ಇಷ್ಟು ಹೇಳಿ ಸೈಕಲ್ ತಳ್ಳಿಕೊಂಡು ಹೊರಟರು. ನಾನು ಎಣಿಕೆ ಎಲ್ಲಿಗೆ ನಿಂತಿತ್ತೆಂದು ಮರೆತು ಮತ್ತೆ ಒಂದರಿಂದ ಶುರುಮಾಡಿದೆ.

ಮಾರನೇ ದಿನ ಫಾರಂ ಸೂಪರಿಂಟೆಂಡೆಂಟರನ್ನು ಕಂಡೆ. ಅವರಿಗೆ ಇದು ಹೊಸದಲ್ಲ. “ಹೂಂ ಕಣಯ್ಯ, ಪ್ರತಿ ವರ್ಷ ಬಂದು ಉಳ್ತಾರೆ. ಬೇಸಿಗೇಲಿ ಆ ಬ್ಲಾಕು ಖಾಲಿ ಇರ್ತಿತ್ತು, ಉತ್ಕೊಂಡು ಹೋಗ್ಲಿ ಬಿಡು ಅಂತ ನಾನೇನೂ ಅಂದಿಲ್ಲ. ಈ ವರ್ಷ ಅಲ್ಲಿಗೆ ಪೈಪ್‌ಲೈನ್ ಬಂತು ನೋಡು, ನಿಮ್ ಗೈಡು ತಗೊಂಡ್ಬಿಟ್ರು.”

“ತಡೀರಲ್ರಿ ಸರ.”

“ತಡೀಬಹುದು. ಇಬ್ರು ವಾಚ್‌ಮನ್ ನಿಲ್ಲಿಸ್ಬಹುದು. ಆಮೇಲೆ ನಮ್ ಕ್ವಾರ್ಟರ್ಸಿಗೆ ಹಾಲು ಯಾರ್ ಹಾಕ್ತಾರೆ? ನಿಮ್ ಗೈಡ್ ಮನೆಗೂ ಅವರೇ ಹಾಕೋದು, ಕೇಳ್ನೋಡು.”

ಕೇಳಿ ನೋಡಿದೆ. ಗೈಡ್ ಕನ್ನಡಕ ತೆಗೆದು ಒರೆಸಿದರು. “ಇದು ಆಗ್ರಾನಮಿ ಸಮಸ್ಯೆ ಅಲ್ಲ. ಎಕ್ಸ್‌ಟೆನ್ಷನ್‌ನವರ ಹತ್ರ ಹೋಗು, ರೈತರನ್ನ ಒಪ್ಪಿಸೋದು ಅವರ ಸಬ್ಜೆಕ್ಟು.” ಎಕ್ಸ್‌ಟೆನ್ಷನ್ ವಿಭಾಗದವರು ಆಸಕ್ತಿಯಿಂದ ಕೇಳಿಸಿಕೊಂಡು, ಒಂದು ಪ್ರಶ್ನಾವಳಿ ತಯಾರಿಸಿ ಹಳ್ಳಿಯ ನೂರು ಮನೆಗಳಲ್ಲಿ ಅಭಿಪ್ರಾಯ ಸಂಗ್ರಹಿಸುವುದು ಒಳ್ಳೆಯದು ಎಂದರು. ಅದಕ್ಕೆ ಎಂಟು ತಿಂಗಳು ಸಾಕಂತೆ.

ಹೀಗಾಗಿ ನಾನೇ ಹಾಲಿನ ಯಜಮಾನರ ಮನೆಗೆ ಹೋದೆ. ಮಾರ್ಚ್ 14, ಶನಿವಾರ, ಸಂಜೆ. ಹಾಲು ಕರೆಯುವ ಹೊತ್ತು. ಯಜಮಾನರ ಹೆಂಡತಿ ಹಜಾರದಲ್ಲಿ ಅವರೆಬೇಳೆ ಕೇರುತ್ತಿದ್ದರು. ನನ್ನನ್ನು ನೋಡಿ ಒಳಗೆ ಕೂಗಿ ಹೇಳಿದರು: “ಬಂದವ್ನೆ ನೋಡಿ, ನಿಮ್ ಒಲದಾಗೆ ರಾಗಿ ಎಣಿಸೋ ಉಡ್ಗ.”

ಆ ಮನೆಯಲ್ಲಿ ಕೂತ ಒಂದು ಗಂಟೆಯಲ್ಲಿ ನನಗೆ ಗೊತ್ತಾದದ್ದೇನೆಂದರೆ, ನಾನು ಎರಡು ವರ್ಷ ಓಡಾಡಿದ ಕ್ಯಾಂಪಸ್ಸು ನನಗೆ ಗೊತ್ತೇ ಇರಲಿಲ್ಲ. ಅವರು ನಮ್ಮ ಒಂದು ಕಟ್ಟಡವನ್ನೂ ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ. ಲೈಬ್ರರಿ ಇರುವುದು ದೊಡ್ಡ ಕಣದಲ್ಲಿ. ರಸಾಯನಶಾಸ್ತ್ರ ವಿಭಾಗ ಹುರುಳಿ ಹೊಲದಲ್ಲಿ. ನಮ್ಮ ಹಾಸ್ಟೆಲು ನಿಂತಿರುವುದು ಹಿಂದೆ ಕುರಿ ಕೂಡುತ್ತಿದ್ದ ಜಾಗದಲ್ಲಿ. “ಅದ್ಕೇ ಆ ವಾಸ್ನೆ ಇನ್ನೂ ಓಗಿಲ್ಲ” ಎಂದರು ಆ ಮನೆಯ ಅಮ್ಮ. ಅವರು ಹಾಸ್ಟೆಲಿನ ಒಳಗೆ ಯಾವಾಗ ಬಂದಿದ್ದರೋ ಕಾಣೆ, ಮಾತು ಮಾತ್ರ ಸುಳ್ಳಾಗಿರಲಿಲ್ಲ. ಹಾಲು ಹಾಕುವ ಲೆಕ್ಕವನ್ನೂ ಅವರು ಹಾಗೇ ಇಟ್ಟುಕೊಂಡಿದ್ದರು: ಹುಣಸೆ ಮರದ ಹೊಲಕ್ಕೆ ಎರಡು ಲೀಟರು, ಕಲ್ಲು ಹೊಲದ ಪ್ರೊಫೆಸರಿಗೆ ಒಂದು.

“ಒಲ ಓಯ್ತು ಒಲ ಓಯ್ತು ಅಂತಾರೆ” ಎಂದರು ಯಜಮಾನರು. “ಒಲ ಎಲ್ಲಿಗೋಯ್ತದೆ? ಅಲ್ಲೇ ಬಿದ್ದದೆ. ನಾವೇ ಪಕ್ಕಕ್ಕೆ ಸರ್ಕಂಡಿದ್ದು.”

ನಾನು ನನ್ನ ಪ್ರಸ್ತಾಪ ಮುಂದಿಟ್ಟೆ. ರಾಗಿಯ ಪೂರ್ವಕ್ಕೆ ಬೀಳುಬಿಟ್ಟ ಪಟ್ಟಿ ಇದೆ. ನಾಲ್ಕು ಹೆಜ್ಜೆ ಆಚೆ. ಅದೇ ಮಣ್ಣು, ಅದೇ ಇಳಿಜಾರು, ಅದೇ ಬಣ್ಣ, ನಾನೇ ಮಣ್ಣಿನ ಪರೀಕ್ಷೆ ಮಾಡಿದ್ದೇನೆ. ಅಲ್ಲಿ ಹೊನ್ನಾರು ಕಟ್ಟಲಿ.

ಯಜಮಾನರು ಅಡ್ಡಡ್ಡ ತಲೆಯಾಡಿಸಿದರು. “ಅದು ನಮ್ದಲ್ಲ.”

“ಇದೂ ನಿಮ್ದಲ್ಲಲ್ರಿ ಈಗ.”

“ಇದು ಸರ್ಕಾರದ್ದು. ಸರ್ಕಾರಕ್ಕೆ ಕೊಟ್ಟದ್ರಾಗೆ ಕಾಲಿಡಬೋದು. ಅದು ದಾಯಾದೀದು. ಅವನ ಒಲಕ್ಕೆ ನಾನು ನೇಗ್ಲು ಇಕ್ಕಾಕಿಲ್ಲ.”

“ಅದೂ ಸರಕಾರದ್ದ ಆಗೇತ್ರಿ.”

“ಸರ್ಕಾರದ್ದಾದ್ರೂ ದಾಯಾದೀದೇ.”

ದಾಯಾದಿ ಎಂದರೆ ಅವರ ಚಿಕ್ಕಪ್ಪನ ಮಗ. ಹೊಲ ಹೋದ ಮೇಲೆ ಹೆಂಡತಿಯ ಊರಾದ ಕೆಂಪಾಪುರಕ್ಕೆ ಹೋಗಿ ನೆಲೆಸಿದ್ದರು. ಇಟ್ಟಿಗೆ, ಮರಳು ಹೊಡೆಸುವ ವ್ಯವಹಾರ, ಸ್ವಂತದ್ದೊಂದು ಟ್ರ್ಯಾಕ್ಟರು. ಎರಡು ಮನೆಗಳಿಗೂ ಮಾತು ನಿಂತು ಒಂದು ತಲೆಮಾರು ಕಳೆದಿತ್ತು. ಕಾರಣ, ಎರಡು ಹೊಲಗಳ ನಡುವಿನ ಬದು. ಇವರ ಅಪ್ಪ ಆ ಬದು ತಮ್ಮ ಕಡೆ ಒಂದು ಮೊಳ ಒತ್ತಿ ಬಂದಿದೆ ಎಂದರೆ, ಅವರ ಅಪ್ಪ ತಮ್ಮ ಕಡೆ ಒತ್ತಿ ಬಂದಿದೆ ಎನ್ನುತ್ತಿದ್ದರು. ಪಂಚಾಯಿತಿ ಸೇರಿ, ತೀರ್ಮಾನ ಆಗುವವರೆಗೆ ತಕರಾರಿನ ಜಾಗಕ್ಕೆ ಯಾರೂ ನೇಗಿಲು ಇಡಕೂಡದು ಎಂದು ಹೇಳಿತು. ಇಬ್ಬರೂ ಇಡಲಿಲ್ಲ. ಒಂದು ಮೊಳ ಅಗಲದಲ್ಲಿ ಹುಲ್ಲು ಆಳೆತ್ತರ ಬೆಳೆಯಿತು.

“ಕುಯ್ಯಂಗೂ ಇಲ್ಲ, ಮೇಯ್ಸಂಗೂ ಇಲ್ಲ” ಎಂದರು ಅಮ್ಮ. “ನಾವು ಅಸ ಮೇಯಾಕೆ ಅಟ್ಟಿದ್ರೆ ಅವ್ರು ಬಯ್ಯೋರು, ಅವ್ರದು ಬಂದ್ರೆ ಇವ್ರು ಬಯ್ಯೋರು. ಆ ಉಲ್ಲು ಒಂದೇ ನೆಮ್ಮದಿಯಾಗಿದ್ದಿದ್ದು.”

ಪಂಚಾಯಿತಿ ತೀರ್ಮಾನ ಕೊಡುವ ಮುಂಚೆ ಸರ್ಕಾರ ಬಂದು ಎರಡೂ ಹೊಲ ತೆಗೆದುಕೊಂಡಿತು. ಬುಲ್ಡೋಜರು ಬಂದು ಬದು, ಹುಲ್ಲು ಎಲ್ಲವನ್ನೂ ಒಂದೇ ಬೆಳಿಗ್ಗೆಯಲ್ಲಿ ಮಟ್ಟಮಾಡಿ ಹೋಯಿತು. ಅಲ್ಲಿಗೆ ಜಗಳ ಮುಗಿಯಬೇಕಿತ್ತು.

ಹಾಸ್ಟೆಲಿಗೆ ಹಿಂತಿರುಗುವಾಗ ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಬದು ನಿಜವಾಗಿ ಎಲ್ಲಿತ್ತು? ಈಗ ನೆಲದ ಮೇಲೆ ಗುರುತಿಲ್ಲ. ಯಜಮಾನರು ಹುಣಸೆ ಮರವನ್ನೂ ಮುಚ್ಚಿದ ಬಾವಿಯನ್ನೂ ನೋಡಿ ಅಂದಾಜಿನಲ್ಲಿ ಹೇಳಿದ್ದು. ಅವರ ನೆನಪು ಅರವತ್ತು ಅಡಿ ತಪ್ಪಿದ್ದರೆ? ಬದು ನನ್ನ ರಾಗಿಯ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಇದ್ದಿದ್ದರೆ? ಆಗ ಅವರ ಹೊನ್ನಾರು ಮಾವಿನ ತೋಟದ ಅಂಚಿನ ಬೀಳು ಪಟ್ಟಿಯಲ್ಲಿ ಬಿದ್ದು ನನ್ನ ರಾಗಿ ಉಳಿಯುತ್ತದೆ. ಒಂದೇ ಅಳತೆಯನ್ನು ನಂಬಬಾರದು, ಎರಡನೇ ಸಲ ಅಳೆದು ನೋಡಬೇಕು ಎಂದು ನಮಗೆ ಮೊದಲ ವರ್ಷವೇ ಕಲಿಸಿದ್ದರು. ಬದುವನ್ನು ಕಂಡ ಎರಡನೆಯವರು ಕೆಂಪಾಪುರದಲ್ಲಿದ್ದರು.

ಈ ಉಪಾಯವನ್ನು ಹಾಸ್ಟೆಲಿನ ನನ್ನ ರೂಂಮೇಟಿಗೆ ಹೇಳಿದೆ. ಅವನು ಯಶವಂತಪುರದ ಹುಡುಗ. “ಮಗಾ, ದಾಯಾದಿ ಹತ್ರ ಹೋಗಿ ಬದು ಎಲ್ಲಿತ್ತು ಅಂತ ಕೇಳ್ತೀಯಾ?” ಎಂದ. “ಹೌದಪ್ಪ” ಎಂದೆ. ಅವನು ಮುಸುಕು ಹಾಕಿಕೊಂಡು ಮಲಗಿದ. ಅದು ಉತ್ತರವೆಂದು ನನಗೆ ಆಗ ತಿಳಿಯಲಿಲ್ಲ.

ಮಾರ್ಚ್ 22, ಭಾನುವಾರ, ಬೆಳಿಗ್ಗೆ ಹತ್ತೂವರೆ. ಕೆಂಪಾಪುರದವರು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು, ಬರೀ ಕಾಲು ಕಾಣುತ್ತಿತ್ತು. ನಾನು ಕಾಲಿಗೇ ನಮಸ್ಕಾರ ಹೇಳಿ ಬಂದ ಕಾರಣ ತಿಳಿಸಿದೆ. ಹುಣಸೆ ಮರದಿಂದ ಇಷ್ಟು ಅಡಿ, ಬಾವಿಯಿಂದ ಇಷ್ಟು ಅಡಿ ಎಂದು ನಾನು ಅಳೆದುಕೊಂಡು ಹೋದದ್ದನ್ನೆಲ್ಲ ಹೇಳುತ್ತಿದ್ದಂತೆ ಕಾಲುಗಳು ಅಲ್ಲಾಡುವುದು ನಿಂತಿತು. ಆಮೇಲೆ ಪೂರ್ತಿ ಮನುಷ್ಯರು ಹೊರಗೆ ಬಂದರು.

“ಏನಂದೆ? ಎಲ್ಲಿ ಉಳ್ತಾವ್ನೆ ಅಂದೆ?”

ಮತ್ತೆ ಹೇಳಿದೆ.

“ಎಷ್ಟು ವರ್ಷದಿಂದ?”

“ಪ್ರತಿ ವರ್ಷ ಅಂತ್ರಿ.”

“ಅವ್ನು ಉಳ್ತಿರಾದು ನನ್ ಒಲ” ಎಂದರು ಕೆಂಪಾಪುರದವರು. ಗ್ರೀಸ್ ಹತ್ತಿದ ಕೈಯಲ್ಲೇ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಅವರ ಪ್ರಕಾರ ಬದು ಇದ್ದದ್ದು ನನ್ನ ರಾಗಿಯ ಪಶ್ಚಿಮದ ಅಂಚಿನಲ್ಲಿ. ನಾನು ಬಯಸಿದ್ದ ಉತ್ತರವೇ ಅದು, ಅಡಿ ಕೂಡ ಹೆಚ್ಚುಕಡಿಮೆ ಇಲ್ಲ. ನನಗೆ ಆದ ಸಂತೋಷ ಮುಖದ ಮೇಲೂ ಬಂದಿರಬೇಕು.

“ಅಂದ್ರ ಅವರು ಆಚೀ ಕಡೆ ಉಳಬೇಕಲ್ರಿ? ನನ್ನ ರಾಗಿ ಉಳದಂಗ ಆತಲ್ರಿ?”

“ನಿನ್ ರಾಗಿ ಇರಾದು ನನ್ ಒಲದಾಗೆ ಅಂತಾಯ್ತು” ಎಂದರು ಅವರು. “ಇಷ್ಟ್ ವರ್ಷ ಅವ್ನು ಉತ್ಕಂಡ ಅಂದ್ರೆ ನಾಳೆ ಊರೆಲ್ಲ ಅದು ಅವನ್ದೇ ಅಂತಾರೆ. ಈ ಯುಗಾದಿಗೆ ನಾನೂ ಬತ್ತೀನಿ. ನಂದೂ ಮೊದಲ್ನೇ ಸಾಲು ಬದುವಿನ ಪಕ್ಕದಲ್ಲೇ.”

ಅವರ ಬದುವಿನ ಪಕ್ಕ ಎಂದರೆ ಪ್ಲಾಟ್ ಒಂದು, ಏಳು, ಹದಿಮೂರು, ಹತ್ತೊಂಬತ್ತು. ಹೋಗುವಾಗ ನಾಲ್ಕು ಪ್ಲಾಟುಗಳಿಗೆ ಕುತ್ತು ಇತ್ತು, ಬರುವಾಗ ಎಂಟಕ್ಕೆ. ಒಂದು ಮೊಳ ಅಗಲದ ಜಗಳವನ್ನು ಸರ್ಕಾರ ಮಟ್ಟಮಾಡಿದ ಮೇಲೆ ಅದು ಅರವತ್ತು ಅಡಿ ಅಗಲವಾಗಿತ್ತು, ಆ ಅರವತ್ತು ಅಡಿಯ ಮೇಲೆ ಸರಿಯಾಗಿ ನಾನು ರಾಗಿ ನೆಟ್ಟಿದ್ದೆ.

ಗೈಡಿಗೆ ವರದಿ ಒಪ್ಪಿಸಿದೆ. “ಒಬ್ಬರು ಬರ್ತಿದ್ರು, ಈಗ ಇಬ್ಬರು ಬರ್ತಾರೆ” ಎಂದರು ಅವರು. “ಒಳ್ಳೇ ಕೆಲಸ ಮಾಡಿದೀಯ. ಇನ್ನೂ ಯಾರಾದ್ರೂ ದಾಯಾದಿಗಳಿದಾರಾ, ವಿಚಾರಿಸು.”

ಯುಗಾದಿಗೆ ಮೊದಲಿನ ಹದಿನಾಲ್ಕು ದಿನ ನಾನು ಡೈರಿಯಲ್ಲಿ ಬರೆದದ್ದು ಬಹಳ ಕಡಿಮೆ. ಒಂದು ದಿನ ಬರೀ ‘ತೆನೆ ಕಾಣಿಸಿತು’ ಎಂದಿದೆ. ಇನ್ನೊಂದು ದಿನ ‘ತೆನೆ ಕಾಣಿಸಿತು, ಏನು ಪ್ರಯೋಜನ’ ಎಂದಿದೆ.

ಕೆಂಪಾಪುರದವರಿಗೆ ಒಂದು ಅಡಚಣೆ ಇತ್ತು. ಟ್ರ್ಯಾಕ್ಟರು ಬಂದ ಮೇಲೆ ಅವರು ಎತ್ತುಗಳನ್ನು ಮಾರಿದ್ದರು. ಹೊನ್ನಾರಿಗೆ ಎತ್ತೇ ಬೇಕು. ಸುತ್ತಲಿನ ಊರಿನವರೆಲ್ಲ ಹಬ್ಬದ ದಿನ ತಮ್ಮ ಎತ್ತುಗಳನ್ನು ತಾವೇ ಹೂಡುವವರು, ಎರವಲು ಯಾರು ಕೊಡುತ್ತಾರೆ? ಕೊನೆಗೆ ಅವರು ನೇರವಾಗಿ ನಮ್ಮ ಸೂಪರಿಂಟೆಂಡೆಂಟರನ್ನೇ ಕೇಳಿದರಂತೆ. ಯಾರನ್ನೂ ಎದುರುಹಾಕಿಕೊಳ್ಳದ ಸೂಪರಿಂಟೆಂಡೆಂಟರು ಕಾಲೇಜಿನ ಜೋಡಿಯನ್ನು ಕೊಟ್ಟರು. ನನ್ನ ಪ್ಲಾಟುಗಳನ್ನು ಹದಮಾಡಿದ್ದ ಅದೇ ಜೋಡಿ. ನನ್ನ ರಾಗಿ ಹಾಳುಮಾಡಲು ನನ್ನದೇ ಎತ್ತುಗಳು ಬರುವುದಿತ್ತು.

ಏಪ್ರಿಲ್ 5, ಭಾನುವಾರ, ಬೆಳಿಗ್ಗೆ ಆರು ಗಂಟೆ. ನಾನು ತಲೆಗೆ ಎಣ್ಣೆ ಕೂಡ ಹಚ್ಚಿಕೊಳ್ಳದೆ ಪ್ಲಾಟಿನ ನಡುವೆ ನಿಂತಿದ್ದೆ. ರೂಂಮೇಟು ಜೊತೆಗೆ ಬಂದಿದ್ದ. ನನಗೆ ಸಹಾಯ ಮಾಡಲೆಂದಲ್ಲ, ನೋಡಲೆಂದು. ಪೂರ್ವದಿಂದ ಹಾಲಿನ ಯಜಮಾನರು ಬಂದರು, ಕೊಂಬಿಗೆ ಹಸಿರು ಬಣ್ಣ ಬಳಿದ ಎತ್ತುಗಳು, ನೇಗಿಲಿಗೆ ಬೇವಿನ ಸೊಪ್ಪು, ಹಿಂದೆ ತಟ್ಟೆ ಹಿಡಿದ ಅಮ್ಮ. ಪಶ್ಚಿಮದಿಂದ ಕೆಂಪಾಪುರದವರು ಬಂದರು, ಕೊಂಬಿಗೆ ಕೆಂಪು ಬಣ್ಣ, ಎತ್ತುಗಳ ಹಿಂದೊಡೆಯ ಮೇಲೆ ಕಾಲೇಜಿನ ನಂಬರು. ಎರಡು ಜೋಡಿಯೂ ನನ್ನ ರಾಗಿಯ ಎರಡು ಅಂಚಿನಲ್ಲಿ ಎದುರುಬದುರು ನಿಂತವು. ನಡುವೆ ನಾನು, ಇಪ್ಪತ್ತನಾಲ್ಕು ಪ್ಲಾಟು.

ಒಂದು ತಲೆಮಾರಿನಿಂದ ಮಾತಾಡದವರು ಮಾತಾಡಿದರು. ನೇರವಾಗಿ ಅಲ್ಲ, ನನ್ನ ಮೂಲಕ.

“ಏಳಪ್ಪ ಅವ್ರಿಗೆ, ಬದು ಇಲ್ಲೈತೆ ಅಂತ” ಎಂದರು ಯಜಮಾನರು.

“ಏಳಪ್ಪ ಅವ್ರಿಗೆ, ಬದು ಇಲ್ಲೈತೆ ಅಂತ” ಎಂದರು ಕೆಂಪಾಪುರದವರು.

ನಾನು ಇಬ್ಬರಿಗೂ ಹೇಳಿದೆ. ಇಬ್ಬರೂ ಕೇಳಿಸಿಕೊಂಡಿದ್ದರು. ಆಮೇಲೆ ನನ್ನನ್ನು ಬಿಟ್ಟು ನೇರವಾಗಿಯೇ ಶುರುವಾಯಿತು.

“ನೇಗ್ಲು ಇಕ್ಕು ನೋಡಾನ” ಎಂದರು ಯಜಮಾನರು. “ತಕರಾರಿನ ಜಾಗಕ್ಕೆ ನೇಗ್ಲು ಇಕ್ತೀಯ? ನಿಮ್ಮಪ್ಪ ಇಕ್ಕಿದ್ನಾ?”

“ನಮ್ಮಪ್ಪ ಇಕ್ಲಿಲ್ಲ. ಇಷ್ಟು ವರ್ಷ ಇಕ್ಕಿದ್ದು ಯಾರು? ನಿಮ್ಮಪ್ಪ ಇಕ್ಕಿದ್ನಾ?”

“ಆಗ ತಕರಾರು ಇಲ್ಲಿತ್ತು ಅಂತ ಯಾರ್ ಏಳಿದ್ರು? ನೀನು ಕೆಂಪಾಪುರದಾಗೆ ಮಣ್ಣು ಒಡೀತಿದ್ದೆ.”

“ಈಗ ಏಳ್ತಾ ಇವ್ನಿ. ತಕರಾರದೆ. ಇಕ್ಕಂಗಿಲ್ಲ.”

“ಅಂಗಾದ್ರೆ ನೀನೂ ಇಕ್ಕಂಗಿಲ್ಲ.”

“ನೀನು ಇಕ್ದೆ ಇದ್ರೆ ನಾನ್ಯಾಕೆ ಇಕ್ಲಿ?”

“ನೀನು ಇಕ್ಕಲ್ಲ ಅಂದ್ಮೇಲೆ ನಂಗೇನು ಬಂದೈತೆ?”

“ಆ ಕಡೆಯಿಂದ ಈ ಕಡೆ ತನ್ಕ ಒಂದ್ ಗೆರೆ ಬೀಳಂಗಿಲ್ಲ.”

“ಬಿದ್ರೆ ನಿನ್ ಕಾಲ್ ಮುರೀತೀನಿ.”

“ನಿಂದೂ.”

ಇಷ್ಟಾಗುವಾಗ ನನ್ನ ಹಿಂದೆ ನಿಂತಿದ್ದ ರೂಂಮೇಟು ನನ್ನ ತೋಳು ಚಿವುಟಿದ. “ಪಂಚಾಂಗ, ಸುಮ್ನಿರು. ಬಾಯಿ ಬಿಡ್ಬೇಡ” ಎಂದು ಕಿವಿಯಲ್ಲಿ ಹೇಳಿದ. ನಾನು ಅವರನ್ನು ಸಮಾಧಾನ ಮಾಡಬೇಕೆಂದು ಬಾಯಿ ತೆರೆದಿದ್ದೆ. ಆಗ ನನಗೆ ನಿಧಾನವಾಗಿ ಅರ್ಥವಾಯಿತು. ಇಬ್ಬರೂ ಸೇರಿ ನನ್ನ ರಾಗಿಯ ಸುತ್ತ ಬೇಲಿ ಹಾಕುತ್ತಿದ್ದರು.

ಆದರೆ ಹಬ್ಬದ ದಿನ ಹೊನ್ನಾರು ಕಟ್ಟದೆ ಮನೆಗೆ ಹೋಗುವಂತಿಲ್ಲ. ಬಿಸಿಲೇರುತ್ತಿತ್ತು. ಅಮ್ಮ ತಟ್ಟೆಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದರು. “ಅಲ್ಲಿ ಖಾಲಿ ಅದಲ್ಲ, ಅಲ್ಲಿ ಉಳ್ರಿ. ಅವ್ರ ಬದು ಅಂತಾರಲ್ಲ ಅದ್ರಿಂದಾಚೆ ನೀವು, ನಿಮ್ ಬದು ಅಂತೀರಲ್ಲ ಅದ್ರಿಂದೀಚೆ ಅವ್ರು. ಒಬ್ಬಟ್ಟಿನ ಊರ್ಣ ಅಳಸೋಗ್ತದೆ.”

ಇದಕ್ಕೆ ಮತ್ತೊಂದು ಚರ್ಚೆ ಆಯಿತು. ಎದುರಾಳಿ ತೋರಿಸಿದ ಬದುವಿನ ಪಕ್ಕ ಉತ್ತರೆ ಅದನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ? ಕೊನೆಗೆ ಯಜಮಾನರು ಕಾಲೇಜಿಗೇ ಕೇಳುವಂತೆ, “ಇದು ಬದು ಅಂತ ನಾನು ಒಪ್ಪಿಲ್ಲ” ಎಂದು ಮೂರು ಸಲ ಕೂಗಿದರು. ಕೆಂಪಾಪುರದವರೂ ಆಚೆಯಿಂದ ಮೂರು ಸಲ ಕೂಗಿದರು. ನನ್ನನ್ನು ಸಾಕ್ಷಿ ಮಾಡಿಕೊಂಡು, ಹೊತ್ತು ಬರೆದುಕೋ ಎಂದರು. ನನ್ನ ಜೀವನದಲ್ಲಿ ಹೊತ್ತು ಬರೆದುಕೋ ಎಂದು ಯಾರಾದರೂ ತಾವಾಗಿ ಹೇಳಿದ್ದು ಅದೊಂದೇ ಸಲ. ಏಳು ಗಂಟೆ ನಲವತ್ತು ನಿಮಿಷ.

ಆಮೇಲೆ ಎರಡು ಜೋಡಿಯೂ ನನ್ನ ರಾಗಿಯ ಮೂಲೆ ಬಳಸಿ ಕಡೆ ಬದಲಿಸಿದವು. ಯಜಮಾನರು ಪಶ್ಚಿಮದ ಬೀಳಿನಲ್ಲಿ ಮೂರು ಸುತ್ತು ಸರಾಗವಾಗಿ ಮುಗಿಸಿದರು. ಪೂರ್ವದ ಪಟ್ಟಿಯಲ್ಲಿ ಮಾತ್ರ ತೊಂದರೆಯಾಯಿತು. ಕಾಲೇಜಿನ ಎತ್ತುಗಳು ಹುಟ್ಟಿದಂದಿನಿಂದ ಪ್ರಯೋಗದ ಪ್ಲಾಟುಗಳಲ್ಲೇ ದುಡಿದವು. ನಾಲ್ಕು ಮೀಟರು ನಡೆದರೆ ಪ್ಲಾಟು ಮುಗಿಯಿತು ಎಂದು ಅವುಗಳ ಲೆಕ್ಕ. ನಾಲ್ಕು ಮೀಟರಿಗೆ ನಿಂತುಬಿಟ್ಟವು.

“ಓಯ್, ನಡೀ” ಎಂದರು ಕೆಂಪಾಪುರದವರು. ನಡೆದವು. ಮತ್ತೆ ನಾಲ್ಕು ಮೀಟರಿಗೆ ನಿಂತು, ಅಳತೆಪಟ್ಟಿ ಹಿಡಿದವನು ಬರಲಿ ಎಂಬಂತೆ ಹಿಂದೆ ತಿರುಗಿ ನೋಡಿದವು. ಕೆಂಪಾಪುರದವರು ಬಾಲ ಹಿಂಡಿದರು, ಬೈದರು, ಕೊನೆಗೆ ಕೈ ಮುಗಿದರು. ಆಚೆ ಕಡೆಯಿಂದ ಯಜಮಾನರು ತಮ್ಮ ನೇಗಿಲಿಗೆ ಒರಗಿಕೊಂಡು ನೋಡುತ್ತಿದ್ದರು.

“ಎಂ.ಎಸ್ಸಿ. ಓದಿರೋ ಎತ್ತು” ಎಂದರು. “ಅಂಗೆಲ್ಲ ಬೈದ್ರೆ ಓಗಲ್ಲ. ಇಂಗ್ಲೀಷ್‌ನಾಗೆ ಏಳು.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಕೆಂಪಾಪುರದವರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ, ಅವರಿಗೂ ನಗು ಬಂತು. ನಕ್ಕಿದ್ದು ಎತ್ತನ್ನು ನೋಡಿ, ದಾಯಾದಿಯನ್ನು ನೋಡಿ ಅಲ್ಲ ಎಂದು ತೋರಿಸಲು ಮುಖ ಆಚೆ ತಿರುಗಿಸಿಕೊಂಡರು. ಅವರ ಮೂರು ಸುತ್ತು ಮುಗಿಯಲು ಐವತ್ತು ನಿಮಿಷ ಹಿಡಿಯಿತು. ರಾಗಿಯ ಒಂದು ತೆನೆಯೂ ಬೀಳಲಿಲ್ಲ. ಅಂದು ಮಧ್ಯಾಹ್ನ ನನಗೂ ರೂಂಮೇಟಿಗೂ ಯಜಮಾನರ ಮನೆಯಲ್ಲಿ ಒಬ್ಬಟ್ಟು. ಅವನು ಏಳು ತಿಂದ, ನಾನು ಐದು.

ಯುಗಾದಿಯಿಂದ ಕೊಯ್ಲಿನವರೆಗೆ ನನ್ನ ಪ್ರಯೋಗಕ್ಕೆ ಸಿಕ್ಕಷ್ಟು ಕಾವಲು ಆ ಕ್ಯಾಂಪಸ್ಸಿನಲ್ಲಿ ಯಾವ ಪ್ರಯೋಗಕ್ಕೂ ಸಿಕ್ಕಿರಲಿಕ್ಕಿಲ್ಲ. ಯಜಮಾನರು ಬೆಳಿಗ್ಗೆ ಸಂಜೆ ಹಾಲಿನ ಸೈಕಲ್ ನಿಲ್ಲಿಸಿ, ದಾಯಾದಿ ರಾತ್ರೋರಾತ್ರಿ ಬಂದು ಗುರುತಿನ ಕಲ್ಲು ನೆಟ್ಟಿದ್ದಾನೋ ಎಂದು ಸುತ್ತು ಹಾಕುತ್ತಿದ್ದರು. ಕೆಂಪಾಪುರದಿಂದ ದಿನ ಬಿಟ್ಟು ದಿನ ಒಬ್ಬ ಆಳು ಅದೇ ಕೆಲಸಕ್ಕೆ ಬರುತ್ತಿದ್ದ. ಇಬ್ಬರಲ್ಲಿ ಯಾರ ಕಣ್ಣಿಗೆ ಬಿದ್ದ ಮೇಕೆಯೂ ಬೇಲಿ ದಾಟುತ್ತಿರಲಿಲ್ಲ. ಪಕ್ಕದ ಬ್ಲಾಕಿನಲ್ಲಿ ನನ್ನ ಸಹಪಾಠಿಯ ನೆಲಗಡಲೆಯನ್ನು ಹಂದಿಗಳು ಅರ್ಧ ಅಗೆದು ತಿಂದವು. ಅವನು ನನ್ನ ಹತ್ತಿರ ಬಂದು, “ನಂಗೂ ಯಾರಾದ್ರೂ ದಾಯಾದಿ ಹುಡುಕ್ಕೊಡು ಗುರು” ಎಂದ.

ಮೇ 13ರಂದು ಕೊಯ್ದೆ. ಇಬ್ಬರೂ ಬಂದು ಎರಡು ಅಂಚಿನಲ್ಲಿ ಕೂತಿದ್ದರು. ಹುಲ್ಲು ಹೊರೆ ಕಟ್ಟುವಾಗ ಯಜಮಾನರು ಎದ್ದು ಬಂದರು.

“ಈ ಉಲ್ಲು ಯಾರಿಗೆ?”

“ಕಾಲೇಜಿನ ದನಕ್ಕ್ರಿ.”

“ಅವ್ನಿಗೆ ಒಂದ್ ಕಡ್ಡಿ ಓಗಲ್ಲ ತಾನೆ?”

“ಇಲ್ರಿ.”

ಹೋಗಿ ಕೂತರು. ಐದು ನಿಮಿಷಕ್ಕೆ ಕೆಂಪಾಪುರದವರು ಎದ್ದು ಬಂದು ಅದನ್ನೇ ಕೇಳಿದರು. ಇಬ್ಬರೂ ನೆಮ್ಮದಿಯಿಂದ ಮನೆಗೆ ಹೋದರು.

ಪ್ರಬಂಧ ಜೂನ್ 29ಕ್ಕೆ ಒಪ್ಪಿಸಿದೆ. ಅಪ್ಪನ ಮಾತು ಒಂದು ದಿನದ ಅಂತರದಲ್ಲಿ ಉಳಿಯಿತು. ಕೃತಜ್ಞತೆಯ ಪುಟದಲ್ಲಿ ‘ಸ್ಥಳೀಯ ಎರಡು ಕುಟುಂಬಗಳ ಸಹಕಾರಕ್ಕೆ’ ಎಂದು ಬರೆದಿದ್ದೆ. ಗೈಡ್ ಪೆನ್ನು ಅದರ ಮೇಲೆ ನಿಲ್ಲಿಸಿ, “ಏನು ಸಹಕಾರ ಮಾಡಿದ್ರು?” ಎಂದರು.

“ಜಗಳ ಬಿಡಲಿಲ್ರಿ ಸರ.”

ಅವರು ಪುಟ ತಿರುವಿದರು.

ಇದನ್ನು ಬರೆಯುತ್ತಿರುವುದು ಎರಡು ವರ್ಷದ ನಂತರ, ಜಾಲಹಳ್ಳಿಯ ಬಾಡಿಗೆ ಕೋಣೆಯಲ್ಲಿ. ಕಳೆದ ವಾರ ಕಾಲೇಜಿಗೆ ಹೋಗಿದ್ದೆ. ಆ ಅರವತ್ತು ಅಡಿಯಲ್ಲಿ ಈ ಬೇಸಿಗೆ ಒಬ್ಬ ಜೂನಿಯರ್ ಹುಡುಗಿ ಸೂರ್ಯಕಾಂತಿ ಹಾಕಿದ್ದಾಳೆ. ಯಜಮಾನರ ಸೈಕಲ್ಲು ಪೂರ್ವದ ಅಂಚಿನಲ್ಲಿ ನಿಂತಿತ್ತು. ಪಶ್ಚಿಮದಲ್ಲಿ ಕೆಂಪಾಪುರದ ಆಳು ಬೀಡಿ ಸೇದುತ್ತಾ ಕೂತಿದ್ದ. ಗಿಳಿಗಳು ಹುಣಸೆ ಮರದಿಂದ ಇಳಿಯಲು ಧೈರ್ಯ ಮಾಡದೆ ಅಲ್ಲೇ ಕಿರುಚುತ್ತಿದ್ದವು. ಈ ವರ್ಷವೂ ಇಬ್ಬರೂ ಮೂರು ಮೂರು ಸಲ ಕೂಗಿ ಹೊನ್ನಾರು ಕಟ್ಟಿದರಂತೆ. ಕೆಂಪಾಪುರದವರಿಗೆ ಈಗಲೂ ಕಾಲೇಜಿನ ಎತ್ತುಗಳೇ.

ಹುಣಸೆ ಮರಕ್ಕೂ ಮುಚ್ಚಿದ ಬಾವಿಗೂ ನಡುವೆ ಆ ಬದು ನಿಜವಾಗಿ ಎಲ್ಲಿತ್ತು ಎನ್ನುವುದು ನನಗೆ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಖಾಲಿ ಬಿಡುವುದು ನನ್ನಿಂದ ಆಗದ ಕೆಲಸ. ಆ ಕಾಲದಲ್ಲಿ ಆ ಹೊಲಗಳಲ್ಲಿ ಓಡಾಡಿದವರು, ದನ ಮೇಯಿಸಿದವರು, ಬುಲ್ಡೋಜರು ಬಂದ ಬೆಳಿಗ್ಗೆ ನಿಂತು ನೋಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಎರಡು ಸಾಲು ಬರೆದು ತಿಳಿಸಿ. ಪತ್ರ ನನಗೇ ಬರಲಿ. ಆ ಎರಡು ಮನೆಗಳಿಗೆ ಮಾತ್ರ ಯಾರೂ ಏನೂ ಹೇಳಬೇಡಿ, ಸೂರ್ಯಕಾಂತಿ ಇನ್ನೂ ಕಾಳು ಕಟ್ಟಿಲ್ಲ.